ಸಕಲೇಶಪುರದ ಜೀಪ್ ಕೂಟಕ್ಕೆ ಹೊರಡುವವರಿಗೆ

ಎಲ್ಲರೂ ಬೆಂಗಳೂರಿಂದಲೇ ಸಾಲಾಗಿ ಹೋಗಬೇಕಿಲ್ಲ. ಬೆಂಗಳೂರಿನವರು ಕುಣಿಗಲ್, ಚನ್ನರಾಯಪಟ್ಟಣದ ಮೇಲೆ ಬನ್ನಿ. ಮೈಸೂರಿನವರಿಗೆ ಹೊಳೆನರಸೀಪುರದ ದಾರಿ ಹತ್ತಿರ. ಎರಡೂ ತಂಡ ಹಾಸನದಲ್ಲಿ ಸೇರಿದರೆ ಸಕಲೇಶಪುರ ಅಲ್ಲಿಂದ ಸುಮಾರು 40 ಕಿ.ಮೀ. ಮಂಗಳೂರಿನವರು ಮಾತ್ರ ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯಾ ಅಂತ ಹಿಂದಿನ ದಿನವೇ ಕೇಳಿಕೊಳ್ಳಿ. ಗುಡ್ಡ ಕುಸಿದರೆ ರಸ್ತೆ ಬಂದ್.

ಟೆಂಟ್ ವಿಷಯ ಬಹಳ ಮುಖ್ಯ. ಕಾಡಂಚಿನಲ್ಲಿ ಸುಮ್ನೆ ಹಾಕಬೇಡಿ. ಅಲ್ಲಿ ಆನೆ ಓಡಾಟ ಜಾಸ್ತಿ, ಅರಣ್ಯ ಇಲಾಖೆಯ ಅನುಮತಿಯೂ ಬೇಕು. ಅದರ ಬದಲು ಕಾಫಿ ಎಸ್ಟೇಟ್‌ನಲ್ಲಿ ಹಾಕೋಕೆ ಅದರ ಮಾಲೀಕರ ಹತ್ತಿರ ಮೊದಲೇ ಮಾತಾಡಿ, ಎಷ್ಟು ಗಾಡಿ, ಎಷ್ಟು ಜನ ಅಂತ ಸರಿಯಾಗಿ ಹೇಳಿ. ಕತ್ತಲಾಗುವ ಮೊದಲೇ ಟೆಂಟ್ ಹಾಕಿಬಿಡಿ. ಘಾಟಿಯಲ್ಲಿ ಸಿಗ್ನಲ್ ನಂಬಬೇಡಿ, ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಿ. ಜಿಗಣೆಗೆ ಉಪ್ಪು ಮರೀಬೇಡಿ!