ಹಾಯಿಹಡಗು ಹತ್ತುವ ಮುನ್ನ: ಹೊಸಬರಿಗೂ ಅವರ ಅಮ್ಮಂದಿರಿಗೂ

ನನ್ನ ಚಿಕ್ಕಮ್ಮನ ಮಗನ ಹೆಸರು ಈ ಸಲ ಹಾಯಿಹಡಗಿಗೆ ಹುಡುಗರನ್ನು ಆರಿಸುವ ಲಾಟರಿಯಲ್ಲಿ ಬಂದಿದೆ. ಹದಿನೇಳರ ಹುಡುಗ, ಆಸ್ಟ್ರೇಲಿಯಾದ ‘ಯಂಗ್ ಎಂಡೆವರ್’ ಎಂಬ ತರಬೇತಿ ಹಡಗಿನಲ್ಲಿ ಹನ್ನೊಂದು ದಿನ ಹೋಗಲಿದ್ದಾನೆ. ಹೊರಡುವವನು ಕೂವೆಮರ, ಅಂದರೆ ಹಾಯಿ ಕಟ್ಟುವ ಕಂಬ, ಎಷ್ಟು ಎತ್ತರ ಎಂದು ಕೇಳುತ್ತಾನೆ. ಚಿಕ್ಕಮ್ಮ ಊಟಕ್ಕೆ ಏನು ಕೊಡುತ್ತಾರೆ, ರಾತ್ರಿ ಮಲಗಲು ಬಿಡುತ್ತಾರೆಯೇ ಎಂದು ಕೇಳುತ್ತಾಳೆ. ಅದೇ ಹಡಗಿನಲ್ಲಿ ಹೋಗಿ ಬಂದವಳಾಗಿ ಹೇಳುತ್ತೇನೆ: ಚಿಕ್ಕಮ್ಮನ ಪ್ರಶ್ನೆಗಳೇ ಸರಿಯಾದವು. ಹಡಗಿನ ಮೇಲೆ ಧೈರ್ಯ ಬೇಕಾಗುವುದು ಆಗೊಮ್ಮೆ ಈಗೊಮ್ಮೆ. ನಿದ್ದೆ, ಅನ್ನ, ಒಣಗಿದ ಕಾಲುಚೀಲ ಬೇಕಾಗುವುದು ದಿನವೂ.

ಗೊತ್ತಿಲ್ಲದವರಿಗೆ ಎರಡು ಮಾತು. ಬ್ರಿಟಿಷರ ಮೊದಲ ಹಡಗುಪಡೆ ಸಿಡ್ನಿಗೆ ಬಂದು ಇನ್ನೂರು ವರ್ಷ ತುಂಬಿದಾಗ, 1988ರಲ್ಲಿ, ಬ್ರಿಟನ್ ಆಸ್ಟ್ರೇಲಿಯಾಕ್ಕೆ ಕೊಟ್ಟ ಉಡುಗೊರೆ ಈ ಹಡಗು. ಉದ್ದ 44 ಮೀಟರ್, ಎರಡು ಕೂವೆಮರ. ಮುಂದಿನದರಲ್ಲಿ ಅಡ್ಡಮರಗಳಿಗೆ ಕಟ್ಟಿದ ಚೌಕ ಹಾಯಿಗಳು, ಹಿಂದಿನದರಲ್ಲಿ ಉದ್ದುದ್ದಕ್ಕೆ ಹರಡುವ ಹಾಯಿಗಳು. ನಡೆಸುವವರು ಆಸ್ಟ್ರೇಲಿಯಾದ ನೌಕಾಪಡೆಯ ಸಿಬ್ಬಂದಿ, ಕಲಿಯುವವರು 16ರಿಂದ 23 ವರ್ಷದ ಇಪ್ಪತ್ತನಾಲ್ಕು ಮಂದಿ. ಇದರ ವಿನ್ಯಾಸ ಮಾಡಿದ ಕಾಲಿನ್ ಮ್ಯೂಡಿ ಅವರೇ ಭಾರತೀಯ ನೌಕಾಪಡೆಯ ಐಎನ್‌ಎಸ್ ತರಂಗಿಣಿಯನ್ನೂ ವಿನ್ಯಾಸ ಮಾಡಿದವರು. ಗೋವಾ ಶಿಪ್‌ಯಾರ್ಡ್‌ನಲ್ಲಿ ಕಟ್ಟಿದ ಆ ಹಡಗು 1997ರಿಂದ ಸೇವೆಯಲ್ಲಿದೆ, ಅದರ ನೆಲೆ ಕೊಚ್ಚಿ. ತರಂಗಿಣಿ ಇರುವುದು ಮುಖ್ಯವಾಗಿ ನೌಕಾಪಡೆಯ ಕೆಡೆಟ್‌ಗಳಿಗೆ. ಇಲ್ಲಿ ಹಾಗಲ್ಲ, ಹಗ್ಗವನ್ನೇ ಮುಟ್ಟಿರದವರೂ ಅರ್ಜಿ ಹಾಕಬಹುದು.

ಅರ್ಜಿಯ ನಂತರ ಬರುವ ಫಾರಂನಲ್ಲಿ ಊಟದ ವಿಷಯ ಬಿಡಿಸಿ ಬರೆಯಿರಿ. ಬರೀ ಸಸ್ಯಾಹಾರಿ ಎಂದರೆ ಬೆಳಿಗ್ಗೆ ತಟ್ಟೆಗೆ ಮೊಟ್ಟೆ ಬರುತ್ತದೆ. ತಿನ್ನದವರು ಅದನ್ನೂ ಬೇರೆಯಾಗಿ ಹೇಳಬೇಕು. ಸಮುದ್ರದ ನಡುವೆ ಅಡುಗೆಯವರ ಕೈಯಲ್ಲಿ ಏನಿರುತ್ತದೋ ಅಷ್ಟೇ, ಅಂಗಡಿಗೆ ಓಡಲಾಗದು. ಅಮ್ಮಂದಿರಿಗೊಂದು ವಿನಂತಿ: ಉಪ್ಪಿನಕಾಯಿ ಬಾಟಲಿ ಕಟ್ಟಿಕೊಡಬೇಡಿ. ಗಾಜು ಒಡೆಯುತ್ತದೆ ಎಂಬುದು ಒಂದು. ಎಂಟು ಮಂದಿ ಹೊಟ್ಟೆ ತೊಳಸಿಕೊಂಡು ಮಲಗಿರುವ ಇಕ್ಕಟ್ಟಿನಲ್ಲಿ ಮಾವಿನಮಿಡಿಯ ಘಮ ಯಾರಿಗೂ ಬೇಡವಾಗಿರುತ್ತದೆ ಎಂಬುದು ಇನ್ನೊಂದು.

ಸೂಟ್‌ಕೇಸ್ ಇಡಲು ಜಾಗವಿಲ್ಲ, ಮಡಚಬಹುದಾದ ಬಟ್ಟೆಯ ಚೀಲ ಒಯ್ಯಿರಿ. ಜೀನ್ಸ್ ಬೇಡ, ಒಮ್ಮೆ ಉಪ್ಪುನೀರಿನಲ್ಲಿ ನೆನೆದರೆ ಒಣಗುವುದಿಲ್ಲ. ಜನವರಿಯ ಬೇಸಿಗೆಯಲ್ಲಿ ಹೊರಟರೂ ಉಣ್ಣೆಯ ಟೋಪಿ, ಮೈಗಂಟುವ ಬೆಚ್ಚನೆಯ ಒಳಉಡುಪು ಇರಲಿ. ರಾತ್ರಿ ಎರಡು ಗಂಟೆಗೆ ಡೆಕ್ ಮೇಲೆ ನಿಂತಾಗ ಕಾರಣ ತಿಳಿಯುತ್ತದೆ. ರಬ್ಬರ್ ಅಡಿಯ, ಬೆರಳು ಮುಚ್ಚುವ ಬೂಟು ಎರಡು ಜೊತೆ. ಕನ್ನಡಕದವರು ಅದನ್ನು ತಲೆಯ ಹಿಂದೆ ಕಟ್ಟುವ ದಾರ ಮರೆಯಬಾರದು. ಕೆಂಪು ಬೆಳಕಿನ ತಲೆದೀಪ ಇದ್ದರೆ ಒಳ್ಳೆಯದು: ಕತ್ತಲೆಗೆ ಕಣ್ಣು ಹೊಂದಿಕೊಳ್ಳಲು ಇಪ್ಪತ್ತು ಮೂವತ್ತು ನಿಮಿಷ ಬೇಕು, ಯಾರೋ ಒಬ್ಬರು ಬಿಳಿ ದೀಪ ಹಾಕಿದರೆ ಅಷ್ಟೂ ಹಾಳು.

ಕಡಲಬೇನೆ ನಿಮಗೆ ಬರುವುದಿಲ್ಲ ಎಂದುಕೊಂಡು ಹೊರಡಬೇಡಿ. ಒಳಗಿವಿ ತೂಗಾಟವನ್ನು ಹೇಳುತ್ತದೆ, ಎದುರಿನ ಗೋಡೆಯನ್ನು ನೋಡುವ ಕಣ್ಣು ಎಲ್ಲವೂ ನಿಂತಿದೆ ಎನ್ನುತ್ತದೆ. ಆ ಜಗಳದ ಫಲ ಹೊಟ್ಟೆಗೆ. ಚಾರ್ಮಾಡಿ ಘಾಟಿಯ ಬಸ್ಸಿನಲ್ಲಿ ನಿಂಬೆಹಣ್ಣು ಮೂಸುತ್ತಾ ಕುಳಿತವರಿಗೆ ಇದರ ರುಚಿ ಗೊತ್ತು. ವ್ಯತ್ಯಾಸವೆಂದರೆ ಇಲ್ಲಿ ತಿರುವುಗಳು ಮುಗಿದು ಕೊಟ್ಟಿಗೆಹಾರ ಬರುವುದಿಲ್ಲ. ಮಾತ್ರೆಯನ್ನು ವೈದ್ಯರನ್ನು ಕೇಳಿ ಹೊರಡುವ ಮುಂಚೆಯೇ ನುಂಗಿ, ಶುರುವಾದ ಮೇಲೆ ನುಂಗಿದರೆ ಅದೂ ಹೊರಗೆ ಬರುತ್ತದೆ. ಒಳಗೆ ಮುದುಡಿ ಕೂರದೆ ಡೆಕ್‌ನ ನಡುಭಾಗಕ್ಕೆ ಬಂದು ದಿಗಂತವನ್ನು ನೋಡಿ. ಹಡಗು ಕಡಿಮೆ ಕುಣಿಯುವುದು ಅಲ್ಲಿ. ಒಣ ಬಿಸ್ಕತ್ತು, ಶುಂಠಿ, ಗುಟುಕು ಗುಟುಕಾಗಿ ನೀರು. ವಾಂತಿ ಬಂದರೆ ಮೊದಲು ಹಾರ್ನೆಸ್‌ನ (ಬೀಳದಂತೆ ಮೈಗೆ ಕಟ್ಟುವ ಪಟ್ಟಿಯ) ಕೊಕ್ಕೆ ಸಿಕ್ಕಿಸಿ, ಆಮೇಲೆ ಬಾಗಿ. ಗಾಳಿ ಬರುವ ಬದಿಗೆ ಖಂಡಿತ ಅಲ್ಲ. ಆಸ್ಟ್ರೇಲಿಯಾಕ್ಕೂ ಟಾಸ್ಮೇನಿಯಾಕ್ಕೂ ನಡುವಿನ ಬಾಸ್ ಜಲಸಂಧಿಯ ಸರಾಸರಿ ಆಳ ಅರವತ್ತು ಮೀಟರ್‌ನಷ್ಟೇ, ಆದ್ದರಿಂದ ಅಲ್ಲಿ ಅಲೆಗಳು ಗಿಡ್ಡಗೆ, ಕಡಿದಾಗಿ, ಒಂದರ ಹಿಂದೊಂದು ಬರುತ್ತವೆ. ಎರಡು ಮೂರು ದಿನದಲ್ಲಿ ಹೆಚ್ಚಿನವರು ಚೇತರಿಸಿಕೊಂಡು ಎರಡೆರಡು ಸಲ ಬಡಿಸಿಕೊಳ್ಳುತ್ತಾರೆ.

ಈಗ ನಿದ್ದೆ. ಇಪ್ಪತ್ತನಾಲ್ಕು ಮಂದಿಯನ್ನು ಕೆಂಪು, ಬಿಳಿ, ನೀಲಿ ಎಂದು ಮೂರು ಗುಂಪು ಮಾಡುತ್ತಾರೆ. ಪಾಳಿ ನಾಲ್ಕು ಗಂಟೆಯದು. ಸಂಜೆ ನಾಲ್ಕರಿಂದ ಎಂಟರವರೆಗಿನದನ್ನು ಮಾತ್ರ ಎರಡು ತುಂಡು ಮಾಡುತ್ತಾರೆ. ಹೀಗೆ ದಿನಕ್ಕೆ ಏಳು ಪಾಳಿಯಾಗುವುದರಿಂದ ಒಂದೇ ಗುಂಪಿಗೆ ನಡುರಾತ್ರಿಯ ಪಾಳಿ ಅಂಟಿಕೊಳ್ಳುವುದಿಲ್ಲ. ಲೆಕ್ಕದಲ್ಲಿ ಎರಡು ಪಾಳಿಗಳ ನಡುವೆ ಎಂಟು ಗಂಟೆಯಷ್ಟು ಬಿಡುವು ಕಾಣುತ್ತದೆ. ಅದರಲ್ಲಿ ಊಟ, ಪಾಠ, ಶೌಚಾಲಯ ತೊಳೆಯುವುದು, ಹಾಯಿ ಬದಲಿಸಲು ಎಲ್ಲರೂ ಬನ್ನಿ ಎಂಬ ಕೂಗು, ಎಲ್ಲ ಕಳೆದರೆ ಉಳಿಯುವುದು ಸ್ವಲ್ಪ. ಪಾಳಿ ಮುಗಿದ ಮೇಲೆ ಹರಟೆಗೆ ಕೂರುವವರು ಮೂರನೆಯ ದಿನಕ್ಕೆ ಅಳುತ್ತಾರೆ ಇಲ್ಲವೇ ಜಗಳವಾಡುತ್ತಾರೆ. ಮಧ್ಯಾಹ್ನ ಇಪ್ಪತ್ತು ನಿಮಿಷ ಸಿಕ್ಕರೂ ಮಲಗಿಬಿಡಿ, ಸೋಮಾರಿ ಎನ್ನುವವರು ಅಲ್ಲಿ ಯಾರೂ ಇಲ್ಲ. ಬಟ್ಟೆಗಳನ್ನು ತೊಡುವ ಕ್ರಮದಲ್ಲೇ ಬಂಕ್‌ನ ಕಾಲಬಳಿ ಜೋಡಿಸಿಡಿ, ಕತ್ತಲೆಯಲ್ಲಿ ಕೈಗೆ ಸಿಗಬೇಕು. ಹಡಗು ವಾಲಿದಾಗ ಉರುಳಿ ಬೀಳದಂತೆ ಬಂಕ್‌ನ ಅಂಚಿಗೆ ಕ್ಯಾನ್‌ವಾಸ್ ಪಟ್ಟಿ ಇರುತ್ತದೆ, ಅದನ್ನು ಕಟ್ಟಿಯೇ ಮಲಗಿ. ಪಾಳಿಗೆ ಹತ್ತು ನಿಮಿಷ ಮುಂಚೆ ಮೇಲಿರಿ. ಚಳಿಯಲ್ಲಿ ನಾಲ್ಕು ಗಂಟೆ ನಿಂತವರು ನಿಮ್ಮ ಮುಖಕ್ಕಾಗಿ ಕಾಯುತ್ತಿರುತ್ತಾರೆ. ತಡವಾಗಿ ಬರುವವರನ್ನು ಹಡಗಿನಲ್ಲಿ ಕ್ಷಮಿಸಿದ್ದನ್ನು ನಾನು ಕಾಣೆ.

ಹಗ್ಗಗಳು ಲೆಕ್ಕವಿಲ್ಲದಷ್ಟಿವೆ. ಹೆಸರುಗಳನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಬೇಡಿ, ಯಾವುದನ್ನು ಎಲ್ಲಿ ಕಟ್ಟಿದೆ ಎಂಬುದನ್ನು ಕೈಯಿಂದ ಕಲಿಯಿರಿ. ಬಿಡುವಿದ್ದಾಗ ಹಗ್ಗ ಕಟ್ಟಿರುವ ಕಂಬಿಯ ಗೂಟಗಳನ್ನು ಮುಟ್ಟುತ್ತಾ ನಡೆಯಿರಿ, ಪ್ರತಿ ಹಗ್ಗ ಎಲ್ಲಿಗೆ ಏರುತ್ತದೆ ಎಂದು ತಲೆಯೆತ್ತಿ ನೋಡಿ. ಹೆಸರು ತಾನಾಗಿ ಹಿಂದೆ ಬರುತ್ತದೆ. ಸುರುಳಿಯನ್ನು ಗಡಿಯಾರ ಸುತ್ತುವ ದಿಕ್ಕಿನಲ್ಲಿ ಸುತ್ತಿ. ಸುರುಳಿಯೊಳಗೆ ಕಾಲಿಡಲೇಬೇಡಿ, ಹಾಯಿಗೆ ಗಾಳಿ ತುಂಬಿದ ಕ್ಷಣದಲ್ಲಿ ಆ ಹಗ್ಗ ಕಾಲನ್ನೂ ಎಳೆದುಕೊಂಡು ಹೋಗುತ್ತದೆ. ಆಜ್ಞೆ ಕೇಳಿಸಿದರೆ ಅದನ್ನೇ ಗಟ್ಟಿಯಾಗಿ ತಿರುಗಿ ಹೇಳಿ. ನಮ್ಮ ಮಕ್ಕಳಿಗೆ ಇದು ಕಷ್ಟ, ಹಿರಿಯರೆದುರು ತಲೆಯಾಡಿಸಿ ಅಭ್ಯಾಸ. ಗಾಳಿಯ ಸದ್ದಿನಲ್ಲಿ ತಲೆಯಾಡಿಸಿದ್ದು ಯಾರಿಗೂ ಕಾಣುವುದಿಲ್ಲ.

ಕೂವೆಮರ ಹತ್ತಲೇಬೇಕೆಂಬ ಒತ್ತಾಯವಿಲ್ಲ. ಹತ್ತುವುದಾದರೆ ಜೇಬು ಖಾಲಿ ಮಾಡಿ, ಉಂಗುರ ತೆಗೆದಿಡಿ, ಜಡೆ ಕಟ್ಟಿ. ಗಾಳಿ ಬೀಸುವ ಬದಿಯಿಂದಲೇ ಹತ್ತಿ. ಆಗ ಗಾಳಿ ನಿಮ್ಮನ್ನು ಕೂವೆಮರಕ್ಕೆ ಏರುವ ಏಣಿಯತ್ತ ಒತ್ತುತ್ತದೆ, ಹಡಗಿನ ವಾಲಿಕೆಯೂ ಅನುಕೂಲಕ್ಕೆ ಬರುತ್ತದೆ. ಕೈಯಲ್ಲಿ ಹಿಡಿಯಬೇಕಾದ್ದು ಮೇಲಕ್ಕೆ ಏರುವ ದಪ್ಪ ತಂತಿಗಳನ್ನು; ಅಡ್ಡ ಮೆಟ್ಟಿಲುಗಳು ಕಾಲಿಗೆ ಮಾತ್ರ, ಅವು ಕಿತ್ತುಬರಬಹುದು. ಮೇಲೆ ಅಡ್ಡಮರದ ಕೆಳಗೆ ತೂಗುವ ಕಾಲುಹಗ್ಗದ ಮೇಲೆ ಹೆಜ್ಜೆಯಿಡುವ ಮುಂಚೆ ಕೂಗಿ ಹೇಳಿ, ಏಕೆಂದರೆ ನಿಮ್ಮ ಭಾರಕ್ಕೆ ಆ ಹಗ್ಗದ ಮೇಲಿರುವ ಉಳಿದವರೆಲ್ಲ ಜಗ್ಗಿಹೋಗುತ್ತಾರೆ. ಹೊಟ್ಟೆಯನ್ನು ಅಡ್ಡಮರಕ್ಕೆ ಒರಗಿಸಿ ಬಾಗಿ, ಹಾಯಿ ಮಡಚಲು ಕೈ ಬಿಡುವಾಗುತ್ತದೆ. ಹೆದರಿಕೆಯಾದರೆ ಅಲ್ಲೇ ನಿಂತು ಹೇಳಿ. ಅರ್ಧ ಹತ್ತಿ ಇಳಿದವರನ್ನು ನೋಡಿ ಯಾರೂ ನಗುವುದಿಲ್ಲ. ಕೊಕ್ಕೆ ಸಿಕ್ಕಿಸದೆ ಮೇಲೆ ಹೋಗುವ ಧೈರ್ಯಶಾಲಿಗಳನ್ನು ಕೆಳಗಿಳಿಸಿ ಬೈಯುತ್ತಾರೆ.

ಚುಕ್ಕಾಣಿ ಸಿಕ್ಕಾಗ ಸ್ವಲ್ಪ ತಿರುಗಿಸಿ ಕಾಯಿರಿ. ದಿಕ್ಸೂಚಿಯ ಅಂಕಿಯನ್ನು ಬೆನ್ನಟ್ಟಿದರೆ ಹಡಗು ಹಾವಿನಂತೆ ಹೋಗುತ್ತದೆ. ರಾತ್ರಿಯಾದರೆ ಮುಂದೆ ಒಂದು ನಕ್ಷತ್ರ ಆರಿಸಿಕೊಂಡು ಅದರತ್ತ ಹಿಡಿಯಿರಿ, ಸ್ವಲ್ಪ ಹೊತ್ತಿಗೆ ಬೇರೆಯದನ್ನು ಆರಿಸಿ, ಏಕೆಂದರೆ ಅದೂ ಸರಿಯುತ್ತಿರುತ್ತದೆ.

ಕೊನೆಯ ಭಾಗದಲ್ಲಿ ‘ಕಮಾಂಡ್ ಡೇ’. ನೀವೇ ಚುನಾವಣೆ ಮಾಡಿ ಕ್ಯಾಪ್ಟನ್, ಮಾರ್ಗದರ್ಶಿ, ಗುಂಪಿನ ನಾಯಕರು, ಅಡುಗೆಯವರು ಎಂದು ಆರಿಸಿಕೊಳ್ಳಬೇಕು. ಇಪ್ಪತ್ತನಾಲ್ಕು ಗಂಟೆ ಹಡಗು ನಿಮ್ಮದು. ಸಿಬ್ಬಂದಿ ಸುರಕ್ಷತೆಯ ಮಾತು ಬಿಟ್ಟರೆ ಬಾಯಿ ತೆರೆಯುವುದಿಲ್ಲ. ಗಟ್ಟಿ ಗಂಟಲಿನವರನ್ನು ಕ್ಯಾಪ್ಟನ್ ಮಾಡಬೇಡಿ, ಎಲ್ಲರ ಹೆಸರು ನೆನಪಿರುವವರನ್ನು ಮಾಡಿ. ಕ್ಯಾಪ್ಟನ್ ಆದವರು ಹಗ್ಗ ಎಳೆಯಲು ಓಡಬಾರದು, ಹಿಂದೆ ನಿಂತು ನೋಡಬೇಕು. ಅಡುಗೆಗೆ ನಿಜವಾಗಿ ಅಡುಗೆ ಬರುವವರು ಬೇಕು, ಇಪ್ಪತ್ತನಾಲ್ಕು ಹಸಿದ ಹೊಟ್ಟೆಗಳಿಗೆ ನಾಯಕತ್ವದ ಭಾಷಣ ಸಾಲದು. ನಕ್ಷೆ ಹರಡುವ ಮುಂಚೆಯೇ ಯಾರು ಯಾವಾಗ ಮಲಗುತ್ತಾರೆ ಎಂದು ಬರೆದು ಅಂಟಿಸಿ, ಕ್ಯಾಪ್ಟನ್ ಹೆಸರನ್ನೂ ಸೇರಿಸಿ. ಉತ್ಸಾಹದಲ್ಲಿ ಎಲ್ಲರೂ ರಾತ್ರಿಯಿಡೀ ಎಚ್ಚರವಿದ್ದರೆ ಬೆಳಗಿನ ನಾಲ್ಕಕ್ಕೆ ಹಾಯಿ ತಿರುಗಿಸಲು ಕೈಗಳೇ ಇರುವುದಿಲ್ಲ.

ಇಳಿದ ಮೇಲೆ ಒಂದೆರಡು ದಿನ ನೆಲ ತೂಗಿದಂತಾಗುತ್ತದೆ, ಸ್ನಾನದ ಮನೆಯಲ್ಲಿ ಕಣ್ಣು ಮುಚ್ಚಿದಾಗ ಹೆಚ್ಚು. ಅದರ ಮೇಲೆ ಹನ್ನೊಂದು ದಿನದ ನಿದ್ದೆಯ ಬಾಕಿ ಬೇರೆ. ಬಂದರಿನಿಂದ ನೀವೇ ಕಾರು ಓಡಿಸಿಕೊಂಡು ಮನೆಗೆ ಹೋಗಬೇಡಿ, ಯಾರನ್ನಾದರೂ ಬರಹೇಳಿ.