ಬಂಗಾಳ ಕೊಲ್ಲಿಯ ಮೋಡ ನಮ್ಮ ಕಡೆ ಬರುತ್ತದಾ? ನೋಡುವುದು ಹೀಗೆ

ಕಲಬುರಗಿಗೂ ಸಮುದ್ರಕ್ಕೂ ಬಲು ದೂರ. ಆದರೂ 2020ರ ಅಕ್ಟೋಬರ್ ಮರೆಯಲಾಗುತ್ತಾ? 13ರಂದು ಕಾಕಿನಾಡ ಹತ್ತಿರ ದಡ ಸೇರಿದ ವಾಯುಭಾರ ಕುಸಿತ ತೆಲಂಗಾಣ ದಾಟಿ ನೇರ ಇತ್ತ ಬಂತು. ಭೀಮಾ ನದಿ ಉಕ್ಕಿತು, ದಂಡೆಯ ಊರುಗಳಿಗೆ ನೀರು ನುಗ್ಗಿತು. ಅದು ಚಂಡಮಾರುತ ಆಗಿರಲೇ ಇಲ್ಲ, ಅದಕ್ಕೊಂದು ಹೆಸರೂ ಇರಲಿಲ್ಲ. ಹಾಗಾಗಿ ಹೆಸರು ಬರಲಿ ಎಂದು ಕಾಯಬೇಡಿ.

ಮೊದಲು ಹವಾಮಾನ ಇಲಾಖೆಯ ಜಾಲತಾಣ ತೆರೆಯಿರಿ. ದೆಹಲಿಯ ಚಂಡಮಾರುತ ಕೇಂದ್ರ ದಿನಾಲೂ ಬಂಗಾಳ ಕೊಲ್ಲಿ, ಅರಬ್ಬಿ ಸಮುದ್ರ ಎರಡರ ಮುನ್ನೋಟವನ್ನೂ ಹಾಕುತ್ತದೆ. ಮುಂದಿನ ದಿನಗಳಲ್ಲಿ ವಾಯುಭಾರ ಕುಸಿತ ಆಗುವ ಸಾಧ್ಯತೆ ಇಲ್ಲವೋ, ಕಡಿಮೆಯೋ, ಮಧ್ಯಮವೋ, ಜಾಸ್ತಿಯೋ ಎಂದು ಅದರಲ್ಲಿರುತ್ತದೆ. ನೆನಪಿಡಿ, ಇದು ಕುಸಿತದ ಸಾಧ್ಯತೆ, ಚಂಡಮಾರುತದ್ದಲ್ಲ. ನಿನ್ನೆಯದರ ಜೊತೆ ಹೋಲಿಸಿ. ಏರುತ್ತಿದ್ದರೆ ಮಾತ್ರ ಮುಂದಿನ ಹೆಜ್ಜೆ.

ಗಾಳಿಯ ಲೆಕ್ಕ ಗೊತ್ತಿರಲಿ. ಗಂಟೆಗೆ 31 ಕಿ.ಮೀ. ಮುಟ್ಟಿದರೆ ವಾಯುಭಾರ ಕುಸಿತ, 50 ಮುಟ್ಟಿದರೆ ತೀವ್ರ ಕುಸಿತ, 62 ಮುಟ್ಟಿದರೆ ಚಂಡಮಾರುತ. ಹೆಸರು ಇಡುವುದು ಆಗಲೇ.

ಈಗ ಉಪಗ್ರಹ ಚಿತ್ರ. ಒಂದೇ ಚಿತ್ರ ನೋಡಿ ಹೆದರಬೇಡಿ, ಇಡೀ ದಿನದ್ದು ಓಡಿಸಿ ನೋಡಿ. ಬಿಳಿ ಮೋಡದ ರಾಶಿ ಹಗಲೂ ರಾತ್ರಿ ಉಳಿದು, ಒಂದು ನಡುವಿನ ಸುತ್ತ ಬಾಗಿಕೊಳ್ಳುತ್ತಿದ್ದರೆ ಅದು ಬಲಿಯುತ್ತಿದೆ ಎಂದರ್ಥ. ಸುಳಿ ಒಂದು ಕಡೆ, ಮೋಡ ಇನ್ನೊಂದು ಕಡೆ ಇದ್ದರೆ ಮೇಲಿನ ಗಾಳಿ ಅದನ್ನು ಹರಿದು ಹಾಕುತ್ತಿದೆ. ಅಂಥದ್ದು ಸಾಮಾನ್ಯವಾಗಿ ಬೆಳೆಯುವುದಿಲ್ಲ. ಸಮುದ್ರದ ನೀರು 26.5 ಡಿಗ್ರಿಗಿಂತ ಬಿಸಿ ಇರಬೇಕು, ನಿಜ. ಆದರೆ ಅಕ್ಟೋಬರ್‌ನಲ್ಲಿ ಕೊಲ್ಲಿ ಹೇಗೂ ಅಷ್ಟು ಬಿಸಿ ಇರುತ್ತದೆ. ಅದೊಂದರಿಂದ ಏನೂ ತಿಳಿಯದು.

ವಿಂಡಿಯಂಥ ಹವಾಮಾನ ಆ್ಯಪ್‌ನಲ್ಲಿ ಯುರೋಪಿನ ಮಾದರಿ, ಅಮೆರಿಕದ ಮಾದರಿ ಎರಡನ್ನೂ ನೋಡಿ. ಮಾದರಿ ಎಂದರೆ ಕಂಪ್ಯೂಟರ್ ಹಾಕುವ ಹವಾಮಾನದ ಲೆಕ್ಕ. ಎರಡೂ ಎರಡು ದಿನ ಒಂದೇ ಮಾತು ಹೇಳಿದರೆ ನಂಬಬಹುದು. ಹತ್ತು ದಿನ ಮುಂದಿನ ಕೆಂಪು ಸುಳಿಯನ್ನು ಸುಮ್ನೆ ವಾಟ್ಸಾಪ್‌ಗೆ ಹಾಕಬೇಡಿ.

ನಮಗೆ ಮುಖ್ಯ ಅದರ ದಾರಿ. ಆಂಧ್ರದ ದಡ ದಾಟಿ ಪಶ್ಚಿಮಕ್ಕೆ, ವಾಯವ್ಯಕ್ಕೆ ಹೊರಟರೆ ಹೈದರಾಬಾದ್ ರಾಡಾರ್ ಚಿತ್ರ ನೋಡುತ್ತಿರಿ. ಜೊತೆಗೆ ಭೀಮಾಕ್ಕೆ ಅಡ್ಡ ಕಟ್ಟಿದ ಉಜನಿ ಜಲಾಶಯದಿಂದ ಎಷ್ಟು ನೀರು ಬಿಟ್ಟಿದ್ದಾರೆ ಎಂಬುದನ್ನೂ ಕೇಳಿ. ಭೀಮಾ ಬರುವುದು ಮಹಾರಾಷ್ಟ್ರದಿಂದ. ಅಲ್ಲಿ ಸುರಿದ ಮಳೆ ಇಲ್ಲಿಗೆ ಆಮೇಲೆ ಬರುತ್ತದೆ. ಅಫಜಲಪುರದಲ್ಲಿ ಬಿಸಿಲಿದ್ದರೂ ಹೊಳೆ ಏರಬಹುದು. ದಂಡೆಯ ಪಂಪ್‌ಸೆಟ್ ಎತ್ತಿಡಿ, ದನಗಳನ್ನು ಎತ್ತರಕ್ಕೆ ಕಟ್ಟಿ. ತೊಗರಿ ಕಟಾವಿನ ಹೊತ್ತಾದರೆ ಕಣದ ಬಳಿ ತಾಡಪತ್ರಿ ಇರಲಿ.