ಹಳೇ ಹೆಂಚು ಯಾವ ಕೆರೆಯ ಮಣ್ಣು? ಎಕ್ಸ್‌ಆರ್‌ಎಫ್, ಪಿಸಿಎ ಮತ್ತು ನಮ್ಮನೆ ಮಿಕ್ಸಿ

"ಸುಟ್ಟ ಹೆಂಚು, ಹಸಿ ಹೂಳು ಎರಡನ್ನೂ ಒಂದೇ ಟೇಬಲ್‌ಗೆ ಹಾಕಿ ಪಿಸಿಎ ಮಾಡ್ತೀರಾ? ಮಾವಿನಕಾಯಿನೂ ಉಪ್ಪಿನಕಾಯಿನೂ ಒಂದೇ ತಕ್ಕಡೀಲಿ ತೂಗಿದ ಹಾಗಾಯ್ತು!" ಹಳೇ ಹೆಂಚು ಯಾವ ಕೆರೆಯ ಮಣ್ಣಿಂದಾದದ್ದು ಅಂತ ಹುಡುಕಲು ಹೊರಟಾಗ ನಮ್ಮ ಸ್ಟಾಫ್ ರೂಮಿನವರು ಹೀಗಂತ ನಕ್ಕಿದ್ದರು. (ಪಿಸಿಎ ಅಂದರೆ ಹಲವು ಧಾತುಗಳ ಅಳತೆಯನ್ನು ಎರಡು ಮೂರು ಅಕ್ಷಕ್ಕೆ ಕುಗ್ಗಿಸಿ, ಒಂದೇ ಥರದ ಸ್ಯಾಂಪಲ್ ಗ್ರಾಫಿನಲ್ಲಿ ಹತ್ತಿರ ಹತ್ತಿರ ಕೂರುವಂತೆ ಮಾಡುವ ಲೆಕ್ಕ.) ಉಪ್ಪಿನಕಾಯಿ ತಿಂದು ಇದು ಯಾವ ಮರದ ಕಾಯಿ ಅಂತ ಹೇಳುವವರನ್ನು ನಾನು ನೋಡಿದ್ದೇನೆ. ಆದರೆ ಅವತ್ತು ಬಾಯಿಗೆ ಬರಲಿಲ್ಲ. ಎರಡು ವರ್ಷ ಬೇಕಾಯ್ತು, ಕೈಯಿಂದ ಹೆಚ್ಚೂಕಮ್ಮಿ ತೊಂಬತ್ತು ಸಾವಿರ ಹೋಯ್ತು. ಈಗ ನಕ್ಕವರೇ ಫೈಲ್ ಕಳಿಸಿ ಅಂತ ಕೇಳುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಾನು ಹಾಸನದಲ್ಲಿ ಕೆಮಿಸ್ಟ್ರಿ ಪಾಠ ಮಾಡುವವನು. ಆಲೂರು ಕಡೆ ಒಬ್ಬ ಸ್ನೇಹಿತರ ತೊಟ್ಟಿಮನೆ ಕೆಡವುತ್ತಿದ್ದರು. ಮಂಗಳೂರು ಹೆಂಚು ಬರುವುದಕ್ಕಿಂತ ಮೊದಲಿನ ನಾಡಹೆಂಚು, ಅಂಗಳದಲ್ಲಿ ರಾಶಿ ಬಿದ್ದಿತ್ತು. ಅವರಜ್ಜಿ, "ನಮ್ಮ ಊರಕೆರೆ ಮಣ್ಣೇ ಕಣಪ್ಪ ಅದು, ಕುಂಬಾರ್ರು ಏರಿ ಪಕ್ಕದಲ್ಲೇ ಬೀಡು ಬಿಟ್ಟು ಸುಟ್ಟಿದ್ದು" ಎಂದರು. ಮೊಮ್ಮಗ, "ಸುಮ್ನಿರಜ್ಜಿ, ಪಕ್ಕದೂರಿನ ಹೊಸಕೆರೆದು" ಎಂದ. ಎರಡು ಕೆರೆಗೂ ನಡುವೆ ಮೂರು ಕಿಲೋಮೀಟರ್. ಎರಡಕ್ಕೂ ಬೇರೆ ಬೇರೆ ಹಳ್ಳದ ನೀರು. ಒಂದು ಗೋಣಿಚೀಲ ಹೆಂಚು ಕಾರಿಗೆ ಹಾಕಿಕೊಂಡು ಬಂದೆ.

ಎಕ್ಸ್‌ಆರ್‌ಎಫ್ ಗನ್ (ಎಕ್ಸ್‌ರೇ ಬಿಟ್ಟು ಯಾವ ಧಾತು ಎಷ್ಟಿದೆ ಅಂತ ಅಳೆಯುವ, ಕೈಯಲ್ಲಿ ಹಿಡಿಯುವ ಯಂತ್ರ) ಬಾಡಿಗೆ ದಿನಕ್ಕೆ 12,000ದ ಆಸುಪಾಸು ಇತ್ತು. ಎರಡು ದಿನ ತಗೊಂಡೆ. ಮೊದಲ ಪಿಸಿಎ ಪಿಪಿಎಂನಲ್ಲೇ (ಹತ್ತು ಲಕ್ಷಕ್ಕೆ ಎಷ್ಟು ಪಾಲು ಎಂಬ ಅಳತೆ) ಹಾಕಿದೆ. ಪಿಸಿ-1, ಅಂದರೆ ಗ್ರಾಫಿನ ಮೊದಲ ಅಕ್ಷ, ಪೂರ್ತಿ ಕಬ್ಬಿಣವೇ. ಅದು ಎಲ್ಲರಿಗೂ ಆಗುವುದೇ, ಬಿಡಿ. ಆಟೋಸ್ಕೇಲ್ ಮಾಡಿದೆ, ಅಂದರೆ ಎಲ್ಲ ಧಾತುವಿಗೂ ಸಮ ತೂಕ ಕೊಟ್ಟೆ. ಆಹಾ, ಎರಡು ಚೆಂದದ ಗುಂಪು! ಒಂದು ಊರಕೆರೆ, ಒಂದು ಹೊಸಕೆರೆ ಅಂದುಕೊಂಡು ರಾತ್ರಿ ನಿದ್ದೆಯೇ ಬರಲಿಲ್ಲ. ಬೆಳಿಗ್ಗೆ ಎದ್ದು ಸ್ಯಾಂಪಲ್ ನಂಬರ್ ನೋಡಿದರೆ ಒಂದು ಗುಂಪು ಶನಿವಾರ ಅಳೆದದ್ದು, ಇನ್ನೊಂದು ಭಾನುವಾರದ್ದು. ಭಾನುವಾರ ಹುಡುಗನೊಬ್ಬ ಗನ್ನನ್ನು ಸಾಯಿಲ್ ಮೋಡ್‌ನಿಂದ ಮೈನಿಂಗ್ ಮೋಡ್‌ಗೆ ತಿರುಗಿಸಿಬಿಟ್ಟಿದ್ದ. 24,000 ನೀರಲ್ಲಿ ಹೋಯ್ತು. ಅವತ್ತಿಂದ ನಮ್ಮನೆ ಕಾಂಪೌಂಡಿನ ಒಂದು ಇಟ್ಟಿಗೆ ಪುಡಿ ಮಾಡಿ ಡಬ್ಬಿಗೆ ತುಂಬಿಟ್ಟಿದ್ದೇನೆ. ಹತ್ತು ಸ್ಯಾಂಪಲ್‌ಗೆ ಒಂದು ಸಲ ಅದನ್ನು ಅಳೆಯುವುದು. ಇಟ್ಟಿಗೆಯ ಅಳತೆ ಜಾಗ ಬಿಟ್ಟು ಸರಿದರೆ ಅವತ್ತಿನ ಕೆಲಸ ಅಲ್ಲಿಗೇ ನಿಲ್ಲಿಸುವುದು. ಯಾವ ಧಾತು ಎಷ್ಟಿದೆ ಅಂತ ಮೊದಲೇ ಗೊತ್ತಿರುವ, ದುಡ್ಡು ಕೊಟ್ಟು ತಂದ ಸ್ಟ್ಯಾಂಡರ್ಡೂ ಇದೆ. ಆದರೆ ನನಗೆ ಇಟ್ಟಿಗೆ ಮೇಲೇ ನಂಬಿಕೆ ಜಾಸ್ತಿ.

ಈಗ ಮಿಕ್ಸಿ ಕಥೆ. ಅಗೇಟ್ ಮಾರ್ಟರ್‌ಗೆ (ಗಟ್ಟಿ ಅಗೇಟ್ ಕಲ್ಲಿನ ಪುಟ್ಟ ಒರಳು) ಒಂಬತ್ತು ಸಾವಿರ ಹೇಳಿದರು. ಜುಗ್ಗತನ ಮಾಡಿದೆ. ಮೊದಲ ಏಳೆಂಟು ಹೆಂಚನ್ನು ಒರಳಲ್ಲಿ ಕುಟ್ಟಿದೆ. ಕೈ ನೋವು ಬಂತು. ಉಳಿದದ್ದನ್ನು ಮನೆಯವರು ಮದುವೆಗೆ ಹೋಗಿದ್ದಾಗ ಅಡುಗೆಮನೆ ಮಿಕ್ಸಿಯಲ್ಲಿ ತಿರುಗಿಸಿದೆ. ಸೊಗಸಾಗಿ ಹಿಟ್ಟಾಯ್ತು.

ಅಷ್ಟರಲ್ಲಿ ನಾನು ಹೋಲಿಕೆಗೆ ಅಂತ ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಕಡೆಯ ಮಣ್ಣು, ಹೆಂಚು ಕೂಡ ತಂದಿದ್ದೆ. ಬೈರಾಪುರದ ಕ್ರೋಮೈಟ್ ಗಣಿ ಇರುವ ಪಟ್ಟಿ ಅದು. ಅಲ್ಲಿನ ಮಣ್ಣಲ್ಲಿ ಕ್ರೋಮಿಯಂ, ನಿಕ್ಕಲ್ ಎದ್ದು ಕಾಣುತ್ತದೆ, ಕುರುಡನಿಗೂ ಗೊತ್ತಾಗುವಷ್ಟು. ಗ್ರಾಫ್ ಹಾಕಿ ನೋಡಿದರೆ ಆಲೂರಿನ ಹೆಂಚುಗಳಲ್ಲಿ ಮುಕ್ಕಾಲು ಪಾಲು ನುಗ್ಗೇಹಳ್ಳಿ ಕಡೆಗೆ ಓಡಿಹೋಗಿದ್ದವು! ಸ್ಟಾಫ್ ರೂಮಿಗೆ ಹಬ್ಬ. "ಮನೆ ಬಾಗಿಲಲ್ಲಿ ಕೆರೆ ಇಟ್ಕೊಂಡು ಅಷ್ಟು ದೂರದಿಂದ ಗಾಡೀಲಿ ಹೆಂಚು ತರೋಕೆ ಅವರಿಗೇನು ತಲೆಕೆಟ್ಟಿತ್ತಾ ಸಾರ್?"

ಒರಳಲ್ಲಿ ಕುಟ್ಟಿದ ಏಳೆಂಟು ಮಾತ್ರ ಆಲೂರಲ್ಲೇ ಕೂತಿದ್ದವು. ಅದನ್ನು ಗಮನಿಸಲು ನನಗೆ ಎರಡು ವಾರ ಬೇಕಾಯ್ತು. ಆಮೇಲೆ ಲ್ಯಾಬಿನ ಶುದ್ಧ ಮರಳನ್ನು ಮಿಕ್ಸಿಗೆ ಹಾಕಿ ಮೂರು ನಿಮಿಷ ತಿರುಗಿಸಿ ಅಳೆದೆ. ಮೊದಲು ಏನೂ ಇರದ ಕಡೆ ಕ್ರೋಮಿಯಂ ನೂರು ಚಿಲ್ಲರೆ ಪಿಪಿಎಂ, ನಿಕ್ಕಲ್ ಅದರ ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸ್ಟೀಲ್ ಪಾತ್ರೆ ತಳದಲ್ಲಿ 18/8 ಅಂತ ಬರೆದಿರುತ್ತಾರಲ್ಲ? ನೂರಕ್ಕೆ ಹದಿನೆಂಟು ಪಾಲು ಕ್ರೋಮಿಯಂ, ಎಂಟು ಪಾಲು ನಿಕ್ಕಲ್. ನಮ್ಮ ಬ್ಲೇಡೂ ಅದೇ ಜಾತಿ. ಹೆಂಚಿನ ಮರಳು ಬ್ಲೇಡನ್ನು ತೇಯ್ದು ತೇಯ್ದು ಪುಡಿಗೆ ಬೆರೆಸಿತ್ತು. ಹೊಸ ಜಾರ್‌ಗೆ 850 ರೂಪಾಯಿ ಕೊಟ್ಟೆ. ಚಟ್ನಿ ಕರಕರ ಅಂದ ದಿನ ಮನೆಯಲ್ಲಿ ಕೇಳಿಸಿಕೊಂಡ ಮಾತಿಗೆ ಲೆಕ್ಕ ಇಲ್ಲ. ಅಗೇಟ್ ಮಾರ್ಟರ್ ಕೊನೆಗೂ ತಗೊಂಡೆ.

ಸಿಎಲ್‌ಆರ್ (ಸ್ಯಾಂಪಲ್‌ನ ಪ್ರತಿ ಧಾತುವನ್ನೂ ಅದೇ ಸ್ಯಾಂಪಲ್‌ನ ಎಲ್ಲ ಧಾತುಗಳ ಗುಣೋತ್ತರ ಸರಾಸರಿಯಿಂದ ಭಾಗಿಸಿ ಲಾಗ್ ತೆಗೆಯುವುದು) ಬಳಸುವವರಿಗೆ ಒಂದು ಮಾತು. ಒಂದು ಧಾತುವಿನ ಕಾಲಂ ಕೆಟ್ಟರೆ ಅಲ್ಲಿ ಆ ಸ್ಯಾಂಪಲ್‌ನ ಇಡೀ ಸಾಲೇ ಕೆಡುತ್ತದೆ. ಕ್ರೋಮಿಯಂ ಸುಳ್ಳಾಗಿ ಏರಿದರೆ ಸರಾಸರಿ ಏರುತ್ತದೆ, ರುಬಿಡಿಯಂ, ಜಿರ್ಕೋನಿಯಂ ಎಲ್ಲ ಪಾಪ ಸುಮ್ಸುಮ್ನೆ ಕೆಳಗೆ ಇಳಿಯುತ್ತವೆ. ಸೊನ್ನೆಯ ಕಾಟವೂ ಇದೆ. ಗನ್ನಿಗೆ ಕಾಣದ್ದನ್ನು ಸೊನ್ನೆ ಅಂತ ಬರೆದರೆ ಲಾಗ್ ಕೂತುಬಿಡುತ್ತದೆ. ಡಿಟೆಕ್ಷನ್ ಲಿಮಿಟ್‌ನ (ಗನ್ನಿಗೆ ಕಾಣುವ ಕನಿಷ್ಠ ಮಟ್ಟದ) ಮೂರನೇ ಎರಡು ಭಾಗ ತುಂಬುವುದು ಎಲ್ಲರೂ ಮಾಡುವುದು. ನಾನು ಮಾಡುವುದು ಬೇರೆ. ಅದನ್ನು ಇಲ್ಲಿ ಬಿಡಿಸಿ ಹೇಳುವುದಿಲ್ಲ, ಮುಖಾಮುಖಿ ಸಿಕ್ಕಾಗ ಕೇಳಿ.

ಇಷ್ಟೆಲ್ಲ ಸರಿ ಮಾಡಿದ ಮೇಲೂ ಹೆಂಚು ಒಂದು ಕಡೆ, ಕೆರೆ ಒಂದು ಕಡೆ. ಸ್ಯಾಂಪಲ್ ಎಲ್ಲಿಂದ ತೆಗೆದೆ ಅಂತ ಒಬ್ಬ ಹಿರಿಯ ಕುಂಬಾರರಿಗೆ ತೋರಿಸಲು ಕರೆದುಕೊಂಡು ಹೋದೆ. ಕಾಲಲ್ಲಿ ಮಣ್ಣು ಒದ್ದು ನೋಡಿ ನಕ್ಕರು. "ಏನ್ ಮೇಷ್ಟ್ರೇ, ಹಳ್ಳ ಬಂದು ಬೀಳೋ ಜಾಗದಲ್ಲಿ ಬಗೆದಿದ್ದೀರಲ್ಲ. ಈ ಮರಳಲ್ಲಿ ಯಾರಾದ್ರೂ ಹೆಂಚು ಮಾಡ್ತಾರಾ? ಬನ್ನಿ ಈ ಕಡೆ." ತೂಬಿನ ಹತ್ತಿರ, ಏರಿಯ ಬುಡದಲ್ಲಿ ಒಂದು ಮುಷ್ಟಿ ತೆಗೆದು ಬೆರಳ ನಡುವೆ ಹೊಸೆದರು. ಬತ್ತಿಯ ಹಾಗೆ ಉದ್ದಕ್ಕೆ ಬಂತು, ಮುರಿಯಲಿಲ್ಲ. ಜಿರ್ಕೋನಿಯಂ ಮರಳಿನ ಜೊತೆ ಓಡಾಡುವ ಆಸಾಮಿ, ರುಬಿಡಿಯಂ ಜೇಡಿಯ ಜೊತೆ. ಹಳ್ಳದ ಬಾಯಿಗೂ ತೂಬಿಗೂ ಒಂದೇ ಕೆರೆಯಲ್ಲಿ ಈ ಎರಡರ ಅನುಪಾತ ಎರಡು ಪಟ್ಟಿಗಿಂತ ಜಾಸ್ತಿ ಬೇರೆ. ನಾನು ಕೆರೆ ಕೆರೆಗೆ ಇರುವ ವ್ಯತ್ಯಾಸ ಹುಡುಕುತ್ತಿದ್ದೆ, ಒಂದು ಕೆರೆಯೊಳಗೇ ಅದಕ್ಕಿಂತ ದೊಡ್ಡ ವ್ಯತ್ಯಾಸ ಇತ್ತು.

ಅವರಿಂದಲೇ ಇನ್ನೊಂದು ತಿಳಿಯಿತು. ಮಣ್ಣಿಗೆ ಬೂದಿ, ಹೊಟ್ಟು ಸೇರಿಸುತ್ತಿದ್ದರಂತೆ, ಒಂದೊಂದು ಸಲ ಕೆಮ್ಮಣ್ಣು ಕೂಡ. ಬೂದಿ ಅಂದರೆ ಪೊಟ್ಯಾಸಿಯಂ, ಕ್ಯಾಲ್ಸಿಯಂ, ರಂಜಕ ಮೂರೂ ಹೋಯ್ತು. ಮೂರನ್ನೂ ಕೈಬಿಟ್ಟೆ.

"ಸುಟ್ಟದ್ದಕ್ಕೂ ಹಸಿಗೂ ಹೋಲಿಕೆ ಹೇಗೆ" ಎಂಬ ಮಾತು ಮಾತ್ರ ಹಾಗೇ ಇತ್ತಲ್ಲ. ಎರಡೂ ಕೆರೆಯ ಮಣ್ಣಿನಿಂದ ಬಿಲ್ಲೆ ತಟ್ಟಿ ಆ ಕುಂಬಾರರ ಆವಿಗೆಯಲ್ಲೇ ಸುಡಿಸಿದೆ. 300 ರೂಪಾಯಿ ಮತ್ತು ಒಂದು ಕಟ್ಟು ವೀಳ್ಯದೆಲೆ. ನನ್ನ ಇಡೀ ಖರ್ಚಿನಲ್ಲಿ ಇದಕ್ಕಿಂತ ಸಾರ್ಥಕವಾದದ್ದು ಇನ್ನೊಂದಿಲ್ಲ. ತೂಕ ನೂರಕ್ಕೆ ಹತ್ತು ಹನ್ನೆರಡು ಇಳಿಯಿತು, ನೀರು ಮತ್ತು ಕೊಳೆತ ಎಲೆ ಕಸದ ಪಾಲು. ಪಿಪಿಎಂ ಎಲ್ಲದರದ್ದೂ ಅಷ್ಟಷ್ಟೇ ಏರಿತು. ಅನುಪಾತ ಕದಲಲಿಲ್ಲ. ಸಿಎಲ್‌ಆರ್ ಗ್ರಾಫಿನಲ್ಲಿ ಹಸಿ ಚುಕ್ಕೆ, ಸುಟ್ಟ ಚುಕ್ಕೆ ಒಂದರ ಮೇಲೊಂದು ಕೂತವು. ಮಾವಿನಕಾಯಿ ಮತ್ತು ಉಪ್ಪಿನಕಾಯಿ, ಒಂದೇ ಮರದ್ದು! ಆ ಪ್ರಿಂಟ್‌ಔಟ್ ಈಗಲೂ ಸ್ಟಾಫ್ ರೂಮಿನ ಬೀರುವಿಗೆ ಅಂಟಿಸಿದೆ.

ಇಷ್ಟಾದರೂ ಹಳೇ ಹೆಂಚು ಎರಡೂ ಕೆರೆಗೆ ಹೊಂದಲಿಲ್ಲ. ಹತ್ತಿರ ಬಂತು, ಆದರೆ ಕೂರಲಿಲ್ಲ. ಲೋಡಿಂಗ್ (ಯಾವ ಧಾತು ಚುಕ್ಕೆಯನ್ನು ಎತ್ತ ಎಳೆಯುತ್ತಿದೆ ಎಂಬ ಲೆಕ್ಕ) ನೋಡಿದರೆ ಹೆಂಚನ್ನು ಆಚೆ ತಳ್ಳುತ್ತಿದ್ದದ್ದು ತಾಮ್ರ ಒಂದೇ. ಊರಕೆರೆ ಹೂಳಲ್ಲಿ ತಾಮ್ರ 120-130 ಪಿಪಿಎಂ, ಹೆಂಚಲ್ಲಿ ನಲವತ್ತರ ಒಳಗೆ. ತಾಮ್ರದ ಕಾಲಂ ತೆಗೆದ ತಕ್ಷಣ ಹೆಂಚುಗಳು ಊರಕೆರೆ ಮೇಲೆ ಹೋಗಿ ಕೂತವು. "ಇಷ್ಟ ಇಲ್ಲದ ಕಾಲಂ ಕಿತ್ತು ಬಿಸಾಕಿದ್ರೆ ಯಾವ ಹೆಂಚು ಯಾವ ಕೆರೆಗೆ ಬೇಕಾದ್ರೂ ಹೊಂದುತ್ತೆ" ಎಂದರು ಸ್ಟಾಫ್ ರೂಮಿನವರು. ಸರಿಯಾದ ಮಾತೇ. ಅವರ ಜಾಗದಲ್ಲಿ ನಾನಿದ್ದರೂ ಹಾಗೇ ಹೇಳುತ್ತಿದ್ದೆ.

ಆ ಕೆರೆಯ ಮೇಲಿನ ಇಳಿಜಾರು ಪೂರ್ತಿ ಕಾಫಿ ತೋಟ. ನಮ್ಮ ಕಡೆ ಮಳೆ ಹಿಡಿಯುವ ಮುಂಚೆ ಮೈಲುತುತ್ತು (ತಾಮ್ರದ ಸಲ್ಫೇಟ್), ಸುಣ್ಣ ಕಲಸಿ ಶಿಲೀಂಧ್ರ ರೋಗ ತಡೆಯಲು ಬೋರ್ಡೋ ದ್ರಾವಣ ಹೊಡೆಯುವುದು ನಿಮಗೆ ಗೊತ್ತೇ ಇದೆ. ಒಂದು ಪರ್ಸೆಂಟ್ ದ್ರಾವಣಕ್ಕೆ 100 ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತು. ಅದರಲ್ಲಿ ಕಾಲು ಕೆಜಿ ತಾಮ್ರವೇ. ತಾಮ್ರ ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ತೋಟದ ಮೇಲ್ಮಣ್ಣಿಗೆ ಅಂಟಿಕೊಂಡು ಮಳೆಯಲ್ಲಿ ಕೊಚ್ಚಿ ಕೆರೆಗೆ ಬರುತ್ತದೆ. ಹೆಂಚು ಸುಟ್ಟ ಕಾಲದ ಮಣ್ಣು ಬೇಕೆಂದರೆ ಕೆಳಗೆ ಹೋಗಬೇಕು.

ಅದೃಷ್ಟಕ್ಕೆ ಆ ಬೇಸಿಗೆ ಊರಕೆರೆ ಹೂಳೆತ್ತಲು ಜೆಸಿಬಿ ಬಂತು. ಡ್ರೈವರ್‌ಗೆ ಐನೂರು ರೂಪಾಯಿ, ಟೀ, ವಡೆ. ತೂಬಿನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ ನೆಟ್ಟಗೆ ಐದು ಅಡಿ ಗೋಡೆ ಕಡಿದುಕೊಟ್ಟ. ಮೇಲಿನ ಎರಡಡಿ ಕಪ್ಪು ಕಂದು, ಎಲೆಯ ಚೂರು, ಒಂದು ಹಾಲಿನ ಪ್ಯಾಕೆಟ್. ಕೆಳಗೆ ಬೂದು ಬಣ್ಣದ ಜೇಡಿ, ಸೌಟಿನಿಂದ ಬೆಣ್ಣೆ ಹಾಗೆ ಕತ್ತರಿಸಿ ಬಂತು. (ಕಬ್ಬಿಣದ ಸನಿಕೆ ಬೇಡ, ಮರದ ಸೌಟು ತಗೊಳ್ಳಿ. ಮಿಕ್ಸಿಯಿಂದ ಕಲಿತ ಪಾಠ.) ಅರ್ಧ ಅಡಿಗೊಂದು ಚೀಲ ತುಂಬಿದೆ. ಮೇಲೆ 130, ಎರಡಡಿಗೆ 80ರ ಹತ್ತಿರ, ನಾಲ್ಕಡಿಗೆ ಬಂದರೆ 35-40. ನಾಲ್ಕಡಿಯ ಮಣ್ಣನ್ನು ತಾಮ್ರದ ಕಾಲಂ ಇಟ್ಟುಕೊಂಡೇ ಟೇಬಲ್‌ಗೆ ಸೇರಿಸಿದೆ. ಹೆಂಚುಗಳ ನಟ್ಟನಡುವೆ ಬಂದು ಕೂತಿತು. ಈ ಸಲ ಹೊಂದಿಸಲಿಕ್ಕೆ ಅಂತ ಒಂದೂ ಕಾಲಂ ಕೀಳಲಿಲ್ಲ.

ನನಗೆ ಇಷ್ಟವಾದದ್ದು ಇದೇ. ಹೆಂಚಿನ ಕೆಲಸ ಕೆಡಿಸುತ್ತಿದ್ದ ತಾಮ್ರ, ಕೆರೆಗೆ ತೋಟದಿಂದ ಏನು ಬಂತು ಎಂಬ ಪ್ರಶ್ನೆಗೆ ಉತ್ತರ. ಅದೇ ಟೇಬಲ್, ಅದೇ ಖರ್ಚು. ಹಳೇ ಹೆಂಚು ಅಂದರೆ ಬೋರ್ಡೋಗಿಂತ ಮುಂಚಿನ ಕೆರೆಯನ್ನು ಸುಟ್ಟು ಮಾಡಿನ ಮೇಲೆ ಜೋಪಾನ ಮಾಡಿಟ್ಟ ಹಾಗೆ. ಹಳ್ಳಿ ಹಳ್ಳಿಯಲ್ಲೂ ಇಂಥ ರಾಶಿ ಬಿದ್ದಿದೆ, ರಸ್ತೆ ಗುಂಡಿಗೆ ಸುರಿಯುತ್ತಿದ್ದಾರೆ.

ಹಾದಿಯಲ್ಲಿ ಒಂದೆರಡು ಹುಚ್ಚಾಟವೂ ಆಯಿತು. ಆಲೂಗಡ್ಡೆ ಹೊಲದ ಕೆಳಗಿನ ಒಂದು ಕೆರೆಯಲ್ಲಿ ಮ್ಯಾಂಕೋಜೆಬ್ ಎಂಬ ಶಿಲೀಂಧ್ರನಾಶಕದ ಗುರುತು ಸಿಗುತ್ತದಾ ನೋಡಿದೆ. ಅದರಲ್ಲಿ ಮ್ಯಾಂಗನೀಸೂ ಸತುವೂ ಇದೆಯಲ್ಲ. ಮ್ಯಾಂಗನೀಸ್ ಕೆರೆ ತಳದಲ್ಲಿ ಗಾಳಿ ಇಲ್ಲದಾಗ ಕರಗಿ ಮೇಲೆ ಕೆಳಗೆ ಓಡಾಡಿಕೊಂಡಿರುತ್ತದೆ, ಏನೂ ಹೇಳಲಾಗಲಿಲ್ಲ. ಸತು ಸ್ವಲ್ಪ ಏರಿತ್ತು, ಆದರೆ ಏರಿ ಮೇಲೆ ಸತು ಲೇಪಿಸಿದ ತಗಡಿನ ಶೆಡ್ ಇತ್ತು. ಬಿಟ್ಟೆ. ಇನ್ನೊಂದು, ಶಿಲ್ಪ ಕೆತ್ತುವವರ ಹತ್ತಿರ ಬಿದ್ದಿದ್ದ ಬಳಪದ ಕಲ್ಲಿನ ಚಕ್ಕೆ ತಂದು ಅದೇ ಟೇಬಲ್‌ಗೆ ಹಾಕಿದೆ. ಕ್ರೋಮಿಯಂ, ನಿಕ್ಕಲ್ ಎಷ್ಟಿತ್ತೆಂದರೆ ಅದೊಂದೇ ಚುಕ್ಕೆ ಗ್ರಾಫಿನ ಆ ತುದಿಗೆ ಹೋಗಿ, ಉಳಿದ ಎಪ್ಪತ್ತು ಚುಕ್ಕೆ ಈ ತುದಿಯಲ್ಲಿ ಸಾಸಿವೆ ಕಾಳಿನಷ್ಟಾದವು. ಕಲ್ಲಿಗೆ ಬೇರೆ ಟೇಬಲ್ಲೇ ಬೇಕು. ಅಂದ ಹಾಗೆ, 2023ರಲ್ಲಿ ಬೇಲೂರು, ಹಳೇಬೀಡು ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಹುಡುಗರಿಗೆ ಉತ್ಸಾಹ ಬಂದಿದೆ. ಗನ್ ಕಲ್ಲನ್ನು ಕೆರೆಯುವುದಿಲ್ಲ, ನಿಜ. ಆದರೂ ಎಎಸ್‌ಐ (ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ) ಅನುಮತಿ ಇಲ್ಲದೆ ದೇವಸ್ಥಾನದ ಗೋಡೆಗೆ ಹಿಡಿಯಲು ಹೋಗಬೇಡಿ. ಹೆಂಚು ಸಾಕು, ಯಾರೂ ಕೇಳುವುದಿಲ್ಲ.

ಕೊನೆಯ ಲೆಕ್ಕ. ಹೆಂಚು 38. ನೆನಪಿನಿಂದ ಹೇಳುತ್ತಿದ್ದೇನೆ, 27 ಊರಕೆರೆ. ಒಂಬತ್ತು ಊರಕೆರೆಗೂ ದಿಣ್ಣೆಯ ಕೆಮ್ಮಣ್ಣಿಗೂ ನಡುವೆ ಬಿಲ್ಲಿನಂತೆ ಬಾಗಿದ ಗೆರೆಯ ಮೇಲೆ ಕೂತಿವೆ. ಬೆರೆಸಿದ ಮಣ್ಣು ಲಾಗ್‌ನಲ್ಲಿ ನೇರ ಗೆರೆ ಬರುವುದಿಲ್ಲ, ಅದನ್ನು ಕಂಡು ಹೊಸ ಗುಂಪು ಅಂತ ಮೋಸ ಹೋಗಬೇಡಿ. ಹೊಸಕೆರೆಗೆ ಒಂದೂ ಇಲ್ಲ. ಅಜ್ಜಿಗೆ ಹೇಳಿದರೆ, "ಅದನ್ನ ನಾನು ಅವತ್ತೇ ಹೇಳಿದ್ನಲ್ಲ" ಎಂದು ಅವರೆಕಾಯಿ ಸುಲಿಯುತ್ತಾ ಕೂತರು.

ಉಳಿದ ಎರಡು ಹೆಂಚು ಎಲ್ಲಿಗೂ ಸೇರಲಿಲ್ಲ. ಆರು ತಿಂಗಳು ತಲೆ ಕೆರೆದುಕೊಂಡೆ, ಒಂದಕ್ಕೆ 2,500ರಂತೆ ಕೊಟ್ಟು ಐಸಿಪಿ-ಎಂಎಸ್ (ಗನ್ನಿಗಿಂತ ಸೂಕ್ಷ್ಮವಾದ ಲ್ಯಾಬ್ ಪರೀಕ್ಷೆ) ಕೂಡ ಮಾಡಿಸಿದೆ. ಹೋದ ತಿಂಗಳು ಸ್ನೇಹಿತರ ಹತ್ತಿರ ಮಾತಾಡುವಾಗ ಅವರೇ ಅಂದರು, "ಓ, ಕೋತಿಗಳು ಮಾಡಿನ ಮೇಲೆ ಕುಣಿದು ಒಡೆದಾಗ ನಮ್ಮಪ್ಪ ಅತ್ತೆ ಮನೆಯಿಂದ ಒಂದಿಷ್ಟು ತಂದು ಹೊದಿಸಿದ್ರು." ಅತ್ತೆ ಮನೆ ಅರಕಲಗೂಡು ಕಡೆ. ಆ ಊರಿನ ಕೆರೆಯಲ್ಲಿ ಈಗ ನೀರು ತುಂಬಿದೆ. ಏಪ್ರಿಲ್‌ಗೆ ಇಳಿಯುತ್ತದೆ ಅಂದಿದ್ದಾರೆ. ಸೌಟು ಕಾರಿನಲ್ಲೇ ಇದೆ.